ಐದೂವರೆಯ ಬಸ್ಸಿನ ಚೀಟಿ

ನನ್ನ ತಮ್ಮ ಫಾಝಿಲ್ ಹೇಗೆ ಸತ್ತ ಎಂದು ಬಂಟ್ವಾಳ ಪೇಟೆಯಲ್ಲಿ ಯಾರನ್ನು ಕೇಳಿದರೂ ಬಂಡೆಯಿಂದ ಬಿದ್ದು ಸತ್ತ ಎನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಉಳಿದ ಅರ್ಧ ನನಗೆ ಗೊತ್ತಿರುವುದರಿಂದ ನಾನೇ ಹೇಳಬೇಕು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದರಲ್ಲಿ ಅದರ ಪಾಲು ಸಣ್ಣದಲ್ಲ.

ನನ್ನ ಹೆಸರು ಮಾಜಿದಾ. ಬಿ.ಸಿ.ರೋಡಿನ ಬಸ್ ನಿಲ್ದಾಣದ ಎದುರು ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಗಂಡ ಮಸ್ಕತ್ತಿನಲ್ಲಿ. ನಮ್ಮವರ ರೂಢಿಯಂತೆ ನಾನು ತವರಿನಲ್ಲಿ, ಉಮ್ಮನ ಮನೆಯಲ್ಲೇ ಇದ್ದೇನೆ. ಅಂಗಡಿ ಸಣ್ಣದಾದರೂ ಗಿರಾಕಿಗಳು ವೇಣೂರಿನವರೆಗೂ ಇದ್ದಾರೆ, ಮತ್ತು ಅವರು ಯಾರೂ ಬಟ್ಟೆ ಕೊಡಲು ಇಲ್ಲಿಯವರೆಗೆ ಬರುವುದಿಲ್ಲ. ಬಟ್ಟೆ ಬಸ್ಸಿನಲ್ಲಿ ಬರುತ್ತದೆ. ವೇಣೂರಿನ ಹೆಂಗಸರು ಹೊಸ ಬಟ್ಟೆ, ಅಳತೆಯ ರವಿಕೆ, ಒಂದು ಚೀಟಿ ಇಷ್ಟನ್ನು ಬೆಳಿಗ್ಗೆ ಬಸ್ಸು ನಿಲ್ಲುವಲ್ಲಿರುವ ಚನಿಯಪ್ಪಣ್ಣನ ದಿನಸಿ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಚನಿಯಪ್ಪಣ್ಣ ಮಧ್ಯಾಹ್ನ ಊಟಕ್ಕೆ ಹೋಗುವ ಮೊದಲು ಎಲ್ಲವನ್ನೂ ಸೇರಿಸಿ ಹಳೆ ಲುಂಗಿಯಲ್ಲಿ ಗಂಟು ಕಟ್ಟಿಡುತ್ತಾರೆ. ನಾಲ್ಕು ಗಂಟೆಗೆ ಹೊರಡುವ ಬಸ್ಸಿನ ಕಂಡಕ್ಟರ್ ಆ ಗಂಟನ್ನು ತಂದು ಐದೂವರೆಗೆ ನನ್ನ ಮೆಟ್ಟಿಲ ಮೇಲಿಟ್ಟು, ಒಂದು ಸೀಟಿ ಊದಿ ಹೋಗುತ್ತಾನೆ. ಹೊಲಿದದ್ದು ಮರುದಿನ ಬೆಳಿಗ್ಗಿನ ಬಸ್ಸಿನಲ್ಲಿ ಹಿಂದೆ ಹೋಗುತ್ತದೆ. ಆರು ವರ್ಷಗಳಲ್ಲಿ ಒಂದು ರವಿಕೆಯೂ ಕಳೆದುಹೋದದ್ದಿಲ್ಲ.

ಫಾಝಿಲ್ ಎರಡು ಸಾವಿರದ ಒಂದನೇ ಇಸವಿಯ ಜನವರಿ ಕೊನೆಗೆ ಸೌದಿಯ ದಮ್ಮಾಮಿನಿಂದ ಬಂದ. ನಲವತ್ತೈದು ದಿನಗಳ ರಜೆ. ಅವನ ಸಾಮಾನಿನ ಜೊತೆ ಒಂದು ಚಪ್ಪಟೆ ರಟ್ಟಿನ ಪೆಟ್ಟಿಗೆ ಇತ್ತು. ಟಿವಿ ಎಂದುಕೊಂಡು ಬಾಪ ಅದಕ್ಕೆ ಗೋಡೆ ಬದಿಯಲ್ಲಿ ಜಾಗ ಮಾಡಿಸಿದರು. ಒಳಗಿದ್ದದ್ದು ಬಿಡಿ ಬಿಡಿಯಾಗಿಟ್ಟ ಗೇರ್ ಸೈಕಲ್. ದಪ್ಪ ಟಯರು, ಗುಡ್ಡ ಹತ್ತುವ ಜಾತಿಯದು. ಬಾಪನ ಮುಖ ಅಲ್ಲೇ ಸಣ್ಣದಾಯಿತು.

ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ನಮ್ಮ ತಂದೆ ಅಬ್ದುಲ್ ವಹಾಬರೆಂದರೆ ಬಂಟ್ವಾಳ ಪೇಟೆಯಲ್ಲಿ ಮೂವತ್ತು ವರ್ಷ ಒಣಮೀನಿನ ವ್ಯಾಪಾರ ಮಾಡಿದವರು. ನಮ್ಮಲ್ಲಿ ಗಲ್ಫಿನಿಂದ ರಜೆಯಲ್ಲಿ ಬಂದವನು ಬಾಡಿಗೆಗಾದರೂ ಕಾರು ಹಿಡಿದು ನೆಂಟರ ಮನೆಗಳಿಗೆ ಹೋಗಬೇಕು. ಬಸ್ಸಿನಲ್ಲಿ ಕಂಡರೆ ಜನ ಏನೋ ತೊಂದರೆ ಎನ್ನುತ್ತಾರೆ, ಸೈಕಲಿನಲ್ಲಿ ಕಂಡರೆ ಕೆಲಸವೇ ಹೋಯಿತು ಎನ್ನುತ್ತಾರೆ. ಅದೂ ಹುಡುಗಿ ನೋಡುತ್ತಿರುವ ಸಮಯ. ಸೈಕಲ್ಲನ್ನು ಮಾರಿಬಿಡು, ಇಲ್ಲದಿದ್ದರೆ ಅಟ್ಟದಲ್ಲಿಡು ಎಂದರು ಬಾಪ. ಫಾಝಿಲ್ ಎದುರು ಮಾತಾಡಲಿಲ್ಲ. ಅವನು ಯಾವಾಗಲೂ ಹಾಗೆಯೇ, ಎಲ್ಲದಕ್ಕೂ ತಲೆ ಆಡಿಸಿ ಕೊನೆಗೆ ತನಗೆ ಬೇಕಾದದ್ದನ್ನೇ ಮಾಡುವವನು. ಮರುದಿನ ಸೈಕಲ್ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು.

ಅಲ್ಲೇ ಅವನು ನನಗೆ ತನ್ನ ಕೆಲಸದ ಬಗ್ಗೆ ಹೇಳಿದ್ದು. ಮನೆಯವರೆಲ್ಲ ಅವನನ್ನು ಕಂಪೆನಿಯ ಸೂಪರ್‌ವೈಸರ್ ಎಂದು ತಿಳಿದಿದ್ದರು. ಅವನು ಮಾಡುತ್ತಿದ್ದದ್ದು ಹತ್ತಿಪ್ಪತ್ತು ಮಾಳಿಗೆಯ ಕಟ್ಟಡಗಳಿಂದ ಹಗ್ಗದಲ್ಲಿ ನೇತಾಡಿಕೊಂಡು ಹೊರಗಿನ ಗಾಜು ತೊಳೆಯುವ ಕೆಲಸ. ಐದು ವರ್ಷಗಳಿಂದ ಅದನ್ನೇ.

"ಹೆದರಿಕೆ ಆಗುವುದಿಲ್ಲವಾ?" ಎಂದು ಕೇಳಿದೆ.

"ಕೆಳಗೆ ಇರುವಾಗ ಆಗ್ತದೆ ಮಾಜಿ," ಎಂದ. ನಮ್ಮಿಬ್ಬರಿಗೆ ಒಂದೂವರೆ ವರ್ಷದ ಅಂತರ ಮಾತ್ರ, ಅಕ್ಕ ಗಿಕ್ಕ ಎಂದು ಕರೆದವನಲ್ಲ. "ಮೇಲೆ ಯಾರೂ ಇರುವುದಿಲ್ಲ. ಹಗ್ಗ ಉಂಟು, ನಾನು ಇದ್ದೇನೆ, ಅಷ್ಟೇ. ಇಲ್ಲಿ ಬಂದು ಹದಿನೆಂಟು ದಿನ ಆಯ್ತು, ಹದಿನೆಂಟು ಮನೆಯಲ್ಲಿ ಬಿರಿಯಾನಿ ತಿಂದೆ. ನನಗೆ ನಾಲ್ಕು ದಿನ ಬೇಕು. ಒಬ್ಬನೇ."

"ಒಬ್ಬನೇ ಎಂತಕ್ಕೆ? ಒಂದು ಕಾರು ಮಾಡಿಕೊಂಡು ಹೋಗು."

"ಕಾರು ಮಾಡಿದರೆ ಐದು ಜನ ಹತ್ತುತ್ತಾರೆ. ಹಿಂದೆ ಡಿಕ್ಕಿಯಲ್ಲಿ ಬಿರಿಯಾನಿ ಇರ್ತದೆ."

ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ಬೇಡ ಎನ್ನುವುದು ಕಷ್ಟ.

ಯೋಜನೆ ಮಾಡಿದ್ದು ನಾವಿಬ್ಬರೂ ಸೇರಿ, ರವಿಕೆಯ ಅಚ್ಚು ಕತ್ತರಿಸುವ ಕಂದು ಕಾಗದದ ಮೇಲೆ, ಬಟ್ಟೆಗೆ ಗುರುತು ಹಾಕುವ ನನ್ನ ಚಾಕ್‌ಪೀಸಿನಲ್ಲಿ. ಮೂರು ಬಂಡೆಗಳು. ಮೊದಲ ದಿನ ಬೆಳ್ತಂಗಡಿಯ ಗಡಾಯಿಕಲ್ಲು. ಅದಕ್ಕೆ ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳಿರುವುದರಿಂದ ಹಗ್ಗ ಬೇಡ, ಕಾಲು ಸಡಿಲವಾಗಲು ಸಾಕು. ಎರಡನೆಯ ದಿನ ವೇಣೂರಿನಿಂದ ಐದು ಮೈಲು ಒಳಗೆ, ಕಾಡಿನ ಅಂಚಿನಲ್ಲಿರುವ, ಊರವರು ಬರೇ 'ಪಾದೆ' ಎನ್ನುವ ಒಂದು ನೆಟ್ಟನೆಯ ಬಂಡೆ. ಮೂರನೆಯ ದಿನ ಮೂಡಬಿದ್ರೆ ಹತ್ತಿರದ ಕೊಡಂಜೆ ಕಲ್ಲು. ನಾಲ್ಕನೆಯ ದಿನ ಶುಕ್ರವಾರ, ಸಿದ್ಧಕಟ್ಟೆ ದಾರಿಯಾಗಿ ಸೈಕಲಿನಲ್ಲೇ ಬಂದು ಜುಮ್ಮಾ ನಮಾಜಿನ ಹೊತ್ತಿಗೆ ಮನೆ.

ಕಾರು ಇಲ್ಲದೆ ಇದನ್ನೆಲ್ಲ ಹೊಂದಿಸುವುದು ಸುಲಭವಿರಲಿಲ್ಲ, ಮತ್ತು ಹೊಂದಿಸಿದ್ದು ನಾನೇ ಎಂಬ ಜಂಬ ಆಗ ನನಗಿತ್ತು. ಎಕ್ಸ್‌ಪ್ರೆಸ್ ಬಸ್ಸಿನವರು ಸೈಕಲ್ ಹತ್ತಿಸುವುದಿಲ್ಲ, ಹಿಂದೆ ಏಣಿ ಇರುವ ಸರ್ವಿಸ್ ಬಸ್ಸೇ ಆಗಬೇಕು. ಬೆಳಿಗ್ಗೆ ಏಳರ ಬಸ್ಸಿನ ಮೇಲೆ ಮೀನಿನ ಬುಟ್ಟಿ ಇರುತ್ತದೆ, ಎಂಟರದ್ದರಲ್ಲಿ ಖಾಲಿ. ಮುಂದಿನ ಚಕ್ರ ಬಿಚ್ಚಿ ಅಡ್ಡ ಮಲಗಿಸಿ ಕಟ್ಟಬೇಕು. ಹಗ್ಗ, ಸೊಂಟದ ಪಟ್ಟಿ, ಕಬ್ಬಿಣದ ಕೊಕ್ಕೆಗಳು ಸೇರಿ ಹನ್ನೆರಡು ಕಿಲೋ ಆಗುತ್ತಿತ್ತು. ಅದನ್ನು ಹೊತ್ತುಕೊಂಡು ಮೊದಲ ದಿನ ಸುಮ್ಮನೆ ತಿರುಗುವುದು ಬೇಡವೆಂದು ಚೀಲವನ್ನು ಚನಿಯಪ್ಪಣ್ಣನ ಅಂಗಡಿಗೆ ರವಿಕೆಗಳ ಜೊತೆ ಬಸ್ಸಿನಲ್ಲಿ ಮುಂಚಿತವಾಗಿ ಕಳಿಸಿದೆವು. ಬುಧವಾರ ಬೆಳಿಗ್ಗೆ ಅವನು ಬೆಳ್ತಂಗಡಿಯಿಂದ ಸೈಕಲಿನಲ್ಲಿ ಅಲ್ಲಿಗೆ ಹೋಗಿ ಚೀಲ ತೆಗೆದುಕೊಳ್ಳುವುದು, ಬಂಡೆ ಹತ್ತಿ ಇಳಿದು, ಸಂಜೆ ಮೂಡಬಿದ್ರೆಯ ಲಾಡ್ಜಿಗೆ ಹೋಗುವುದು.

ಮನೆಯಲ್ಲಿ ನಾನು ಸುಳ್ಳು ಹೇಳಿದೆ. ಅವನು ಉಪ್ಪಳದಲ್ಲಿ ಗೆಳೆಯನ ತಂಗಿಯ ಮದುವೆಗೆ ಹೋಗುತ್ತಾನೆ ಎಂದೆ. ಸುಳ್ಳಿಗೆ ಬದಲಾಗಿ ಅವನಿಗೆ ಒಂದು ಶರತ್ತು ಹಾಕಿದೆ. ಮನೆಗೆ ಫೋನ್ ಮಾಡುವ ಹಾಗಿರಲಿಲ್ಲ, ಉಮ್ಮ ಫೋನಿನ ಪಕ್ಕದಲ್ಲೇ ಕುಳಿತಿರುತ್ತಾರೆ. ಅಂಗಡಿಯಲ್ಲಿ ಫೋನ್ ಇರಲಿಲ್ಲ. ಆದ್ದರಿಂದ ಪ್ರತಿದಿನ ಬಂಡೆ ಇಳಿದ ಮೇಲೆ ಒಂದು ಚೀಟಿ ಬರೆದು ಬಸ್ಸಿನವನ ಕೈಯಲ್ಲಿ ಕೊಡಬೇಕು. ಐದೂವರೆಗೆ ಅದು ನನ್ನ ಕೈಗೆ ಸಿಗಬೇಕು. ಸಿಗದಿದ್ದರೆ ನಾನು ಬಾಪನಿಗೆ ಹೇಳಿ ಜೀಪು ಮಾಡಿ ಹುಡುಕಿಕೊಂಡು ಬರುವುದು.

"ಸರಿ," ಎಂದ. "ಇದು ಒಳ್ಳೆಯ ವ್ಯವಸ್ಥೆ. ಅಲ್ಲಿ ನಮ್ಮ ಕಂಪೆನಿಯಲ್ಲಿಯೂ ಇಷ್ಟು ಇಲ್ಲ."

ಮಂಗಳವಾರ ಎಂಟರ ಬಸ್ಸಿನ ಮೇಲೆ ಸೈಕಲ್ ಕಟ್ಟಿ ಹೋದ. ಏಣಿ ಇಳಿಯುವಾಗ ಅವನ ಮುಖ ನೋಡಿದೆ. ಊರಿಗೆ ಬಂದ ಮೇಲೆ ಅವನು ಹಾಗೆ ನಕ್ಕಿರಲಿಲ್ಲ.

ಆ ದಿನ ಐದೂವರೆಗೆ ಚೀಟಿ ಬರಲಿಲ್ಲ.

ಆರು ಗಂಟೆಯ ಬಸ್ಸಿನಲ್ಲಿಯೂ ಇಲ್ಲ, ಆರೂವರೆಯದ್ದರಲ್ಲಿಯೂ ಇಲ್ಲ. ಬೆಳ್ತಂಗಡಿ ಕಡೆಯಿಂದ ಬಂದ ಪ್ರತಿ ಬಸ್ಸಿನ ಕಂಡಕ್ಟರನ್ನು ಹೋಗಿ ಕೇಳಿದೆ. ನನ್ನ ಅಂಗಡಿಯಲ್ಲಿ ಕೆಲಸಕ್ಕಿರುವ ಜುಲೈಕಾ ಮಷಿನ್ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಮನೆಗೆ ಹೋಗಿ ಬಾಪನ ಎದುರು ನಿಂತು ಮೊದಲ ವಾಕ್ಯ ಯಾವುದು ಹೇಳುವುದು ಎಂದು ನಾನು ಬಾಯಿಪಾಠ ಮಾಡುತ್ತಿದ್ದೆ. ಒಂದು ರವಿಕೆಯ ಕುತ್ತಿಗೆಯನ್ನು ಓರೆಯಾಗಿ ಕತ್ತರಿಸಿದೆ.

ಏಳೂವರೆಯ ಕೊನೆಯ ಬಸ್ಸಿನಲ್ಲಿ ಚೀಟಿ ಬಂತು. 'ಮೇಲೆ ತುಂಬಾ ಚಂದ ಇತ್ತು, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಇಳಿದೆ. ಬೈಯಬೇಡ.'

ಚಂದ ಇತ್ತಂತೆ. ನಾನು ಎರಡು ಗಂಟೆ ಸತ್ತು ಬದುಕಿದ್ದೆ, ಅವನಿಗೆ ಚಂದ ಇತ್ತಂತೆ. ಅವನು ಸಿಕ್ಕಿದ್ದರೆ ಎರಡು ಬಾರಿಸುತ್ತಿದ್ದೆನೋ ಏನೋ. ಸಿಗಲಿಲ್ಲವಾದ್ದರಿಂದ ಬರೆದೆ. ಅದೇ ಚೀಟಿಯ ಹಿಂದೆ, ಅಲ್ಲೇ ನಿಂತು ಬರೆದೆ. 'ನಾಳೆ ಐದೂವರೆಯ ಬಸ್ಸಿನಲ್ಲಿ ನಿನ್ನ ಚೀಟಿ ಬರದಿದ್ದರೆ ಬಾಪನಿಗೆ ಎಲ್ಲ ಹೇಳುತ್ತೇನೆ. ಸೈಕಲಿನ ವಿಷಯ ಮಾತ್ರ ಅಲ್ಲ. ನೀನು ಅಲ್ಲಿ ಗಾಜು ತೊಳೆಯುವವನು ಎಂದೂ ಹೇಳುತ್ತೇನೆ. ಐದು ನಿಮಿಷ ತಡವಾದರೂ ಹೇಳುತ್ತೇನೆ.'

ಜುಲೈಕಾ ಓದಿ, "ಗಾಜಿನದ್ದು ಬೇಡ ಮಾಜಿದಕ್ಕ," ಎಂದಳು.

"ನಿನ್ನ ಕೆಲಸ ನೋಡು," ಎಂದೆ.

ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಹೊಲಿದ ರವಿಕೆಗಳ ಜೊತೆ ಆ ಚೀಟಿಯೂ ಚನಿಯಪ್ಪಣ್ಣನ ಅಂಗಡಿಗೆ ಹೋಯಿತು. ಅದನ್ನು ಕೊಡಲೆಂದೇ ನಾನು ಮನೆಯಿಂದ ಅರ್ಧ ಗಂಟೆ ಮೊದಲು ಹೊರಟಿದ್ದೆ. ಅಷ್ಟು ಸಿಟ್ಟು.

ಬುಧವಾರ ಐದೂವರೆಗೆ ಸರಿಯಾಗಿ ಸೀಟಿ ಕೇಳಿತು. ವೇಣೂರಿನ ಗಂಟು ಮೆಟ್ಟಿಲ ಮೇಲೆ ಬಂದು ಕೂತಿತು. ಕಂಡಕ್ಟರನ ಕೈಯಲ್ಲಿ ಬೇರೆ ಚೀಟಿ ಇದೆಯಾ ಎಂದು ಓಡಿ ಹೋಗಿ ಕೇಳಿದೆ. ಇಲ್ಲ ಎಂದ. ಅಷ್ಟರಲ್ಲಿ ಜುಲೈಕಾ ಗಂಟು ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದಳು. ನಾಲ್ಕು ರವಿಕೆ ಬಟ್ಟೆಗಳನ್ನು ಎತ್ತಿದ ಮೇಲೆ ಅಡಿಯಲ್ಲಿ ಅವನ ಅಕ್ಷರ ಕಂಡಿತು.

'ಕ್ಷೇಮವಾಗಿ ಇಳಿದೆ. ಮೂಡಬಿದ್ರೆಗೆ ಹೊರಟಿದ್ದೇನೆ. ಸಮಯಕ್ಕೆ ಸರಿಯಾಗಿ ಬರೆದಿದ್ದೇನೆ ನೋಡು. ಬಾಪನಿಗೆ ಏನೂ ಹೇಳಬೇಡ.'

ಬೈದದ್ದು ಕೆಲಸ ಮಾಡಿತು ಎಂದುಕೊಂಡೆ. ಆ ಖುಷಿಯನ್ನೂ ನಾನು ಮುಚ್ಚಿಡುವುದಿಲ್ಲ. ಜುಲೈಕಾ ಮಾತ್ರ ಲುಂಗಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಮಾಜಿದಕ್ಕ, ಇದು ಅಡಿಯಲ್ಲಿ ಹೇಗೆ ಬಂತು? ಚನಿಯಪ್ಪಣ್ಣ ಗಂಟು ಕಟ್ಟುವುದು ಊಟಕ್ಕೆ ಮೊದಲಲ್ಲವಾ? ಇವರು ಇಳಿಯುವುದೇ ಎರಡು ಗಂಟೆಗೆ ಅಂತ ಹೇಳಿದ್ದರು."

ನಾನು ಕೇಳಿದೆ. ಕಿವಿಗೆ ಬೀಳಲಿಲ್ಲ ಎಂದು ಹೇಳುವ ಹಾಗಿಲ್ಲ, ಚೆನ್ನಾಗಿ ಬಿತ್ತು. ಆರು ವರ್ಷಗಳಿಂದ ಆ ಗಂಟು ಬಿಚ್ಚಿದವಳು ನಾನು. ಊಟದ ನಂತರ ಬಂದದ್ದನ್ನು ಚನಿಯಪ್ಪಣ್ಣ ಗಂಟಿನ ಒಳಗೆ ಹಾಕುವುದಿಲ್ಲ, ಮೇಲೆ ಸಿಕ್ಕಿಸುತ್ತಾರೆ. ಅದು ನನಗೆ ಅವಳಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಹಿಂದಿನ ದಿನದ ಆ ಎರಡು ಗಂಟೆಗಳು ಇನ್ನೊಮ್ಮೆ ನನಗೆ ಬೇಡವಾಗಿದ್ದವು. ಬಾಪನ ಎದುರು ನಿಲ್ಲುವುದೂ ಬೇಡವಾಗಿತ್ತು.

"ಬೇಗ ಇಳಿದಿರಬೇಕು," ಎಂದೆ. "ನಿನಗೆ ಎಂತದ್ದು? ಕಾಜ ಹೊಲಿ ನೀನು."

ಅವಳು ತಲೆ ತಗ್ಗಿಸಿ ಕಾಜ ಹೊಲಿಯಲು ಕೂತಳು. ನಾನು ಅಂಗಡಿ ಮುಚ್ಚಿ ಮನೆಗೆ ಹೋದೆ.

ಗುರುವಾರ ಮೂಡಬಿದ್ರೆಯಿಂದ ಯಾವ ಬಸ್ಸಿನಲ್ಲಿಯೂ ಚೀಟಿ ಬರಲಿಲ್ಲ. ಐದೂವರೆಗೆ ಬರದಿದ್ದಾಗ ಸಿಟ್ಟೇ ಬರಲಿಲ್ಲ ನನಗೆ. ಅದರಿಂದಲೇ ನನಗೆ ಭಯವಾಯಿತು. ರಸ್ತೆ ದಾಟಿ ಬೂತಿನಿಂದ ಮೂಡಬಿದ್ರೆಯ ಲಾಡ್ಜಿಗೆ ಫೋನ್ ಮಾಡಿದೆ. ಆ ಹೆಸರಿನವರು ಬುಧವಾರ ಬರಲೇ ಇಲ್ಲ ಎಂದರು. ಮುಂದಿನ ಬಸ್ಸಿಗೆ ಕಾಯಲಿಲ್ಲ, ಓಡುತ್ತಾ ಮನೆಗೆ ಹೋಗಿ ಬಾಪನಿಗೆ ಎಲ್ಲವನ್ನೂ ಹೇಳಿದೆ. ಉಪ್ಪಳದ ಮದುವೆ ಸುಳ್ಳು, ಸೈಕಲ್, ಬಂಡೆ, ಎಲ್ಲ. ಗಾಜು ತೊಳೆಯುವುದನ್ನು ಮಾತ್ರ ಹೇಳಲಿಲ್ಲ.

"ಸೈಕಲಿನಲ್ಲಾ?" ಎಂದರು ಬಾಪ. "ಬಿ.ಸಿ.ರೋಡಿನಿಂದಲೇ ಸೈಕಲಿನಲ್ಲಿ ಹೋದದ್ದಾ? ಯಾರಾದರೂ ನೋಡಿದರಾ?"

ಆ ಪ್ರಶ್ನೆಗಾಗಿ ಅವರು ಆಮೇಲೆ ತಿಂಗಳುಗಟ್ಟಲೆ ತಮ್ಮ ತಲೆಗೆ ತಾವೇ ಹೊಡೆದುಕೊಂಡರು. ಆದ್ದರಿಂದ ನಾನು ಅವರನ್ನು ಏನೂ ಅನ್ನುವುದಿಲ್ಲ.

ಜೀಪು ಮಾಡಿ ಹೋದೆವು. ಇಳಿದೆ ಎಂದು ಚೀಟಿ ಇದ್ದುದರಿಂದ ಬಂಡೆಯಲ್ಲಿ ಏನೂ ಆಗಿರಲಾರದು, ದಾರಿಯಲ್ಲೇ ಲಾರಿ ಗೀರಿ ಹೊಡೆದಿರಬೇಕು ಎಂದರು ಬಾಪ. ವೇಣೂರಿನಿಂದ ಮೂಡಬಿದ್ರೆಯವರೆಗೆ ರಸ್ತೆಬದಿಯ ಚರಂಡಿಗಳನ್ನು ಟಾರ್ಚು ಬಿಟ್ಟು ನೋಡಿದೆವು, ಆಸ್ಪತ್ರೆಗಳಲ್ಲಿ ವಿಚಾರಿಸಿದೆವು. ಬಂಡೆಗೆ ಹೋಗುವ ಎಂದು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಚನಿಯಪ್ಪಣ್ಣ ಅಂಗಡಿ ತೆರೆಯುವಾಗ ನಾವು ಅಲ್ಲಿದ್ದೆವು. ಬಾಪ ಚೀಟಿ ತೋರಿಸಿದರು. ಚನಿಯಪ್ಪಣ್ಣ ಚೀಟಿ ನೋಡಿದರು, ನನ್ನ ಮುಖ ನೋಡಿದರು. ಬಾಗಿಲಿನ ಹಲಗೆಯನ್ನು ಅಲ್ಲೇ ಗೋಡೆಗೆ ಒರಗಿಸಿದರು.

"ಮೊದಲು ಪಾದೆಗೆ ಹೋಗುವ," ಎಂದರು.

ಸೈಕಲ್ ಒಂದು ಮರಕ್ಕೆ ಬೀಗ ಹಾಕಿ ನಿಲ್ಲಿಸಿದಲ್ಲೇ ಇತ್ತು. ಅವನು ಬಂಡೆಯ ಬುಡದಲ್ಲಿ ಇರಲಿಲ್ಲ. ಹಗ್ಗದ ತುಂಡು ಬಿದ್ದಲ್ಲಿಂದ ಸೈಕಲಿನ ಕಡೆಗೆ ಮೂವತ್ತು ನಲವತ್ತು ಅಡಿ ಬಂದಿದ್ದ. ಒಣ ಎಲೆಗಳ ಮೇಲೆ ಅವನು ಎಳೆದುಕೊಂಡು ಬಂದ ಗುರುತು ಇತ್ತು. ತೊಡೆಗೆ ಅಂಗಿಯನ್ನು ಬಿಗಿಯಾಗಿ ಕಟ್ಟಿಕೊಂಡಿದ್ದ, ನೀರಿನ ಬಾಟಲಿ ಖಾಲಿಯಾಗಿತ್ತು. ಬಾಪ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಚನಿಯಪ್ಪಣ್ಣ ತಮ್ಮ ಮುಂಡಾಸನ್ನು ಬಿಚ್ಚಿ ಅವನ ಮೇಲೆ ಹೊದಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಬಾಪನಿಗೂ ನನಗೂ ಹೇಳಿದ್ದಿಷ್ಟು. ಬಿದ್ದದ್ದು ಬುಧವಾರ ಮಧ್ಯಾಹ್ನ ಇರಬೇಕು. ಜೀವ ಹೋದದ್ದು ಗುರುವಾರ ಬೆಳಕು ಹರಿಯುವ ಹೊತ್ತಿಗೆ. ತಲೆಗೆ ಪೆಟ್ಟಿಲ್ಲ. ರಕ್ತ ಹೋಗಿ ಹೋಗಿ ಸತ್ತದ್ದು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಐದೂವರೆಗೆ ಚೀಟಿ ಬಂದಿರದಿದ್ದರೆ ಆರು ಗಂಟೆಗೆ ಜೀಪು ಹೊರಡುತ್ತಿತ್ತು. ಬಂಡೆಗೆ ಒಂದು ಗಂಟೆಯ ದಾರಿ.

ಉಮ್ಮನಿಗೆ, ಬಿದ್ದ ಕೂಡಲೇ ಹೋದ, ನೋವು ಗೊತ್ತೇ ಆಗಲಿಲ್ಲ ಎಂದು ಹೇಳಿದೆವು.

ಮನೆಗೆ ಜನ ಬಂದರು. ಬಂದವರಿಗೆಲ್ಲ ಬಾಪ ಆ ಚೀಟಿಯನ್ನು ತೋರಿಸುತ್ತಿದ್ದರು. ಉಮ್ಮ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಕ್ಷೇಮವಾಗಿ ಇಳಿದು ಬಂದವನು ಮತ್ತೆ ಎಂತಕ್ಕೆ ಹತ್ತಿದ?" ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ವಾಚು ಮರೆತಿರಬೇಕು. ಹಗ್ಗ ಬಿಚ್ಚಲು ಹೋಗಿರಬೇಕು. ಅಂಥ ಜಾಗಗಳಲ್ಲಿ ಏನೋ ಕರೆಯುತ್ತದೆ. ಉಮ್ಮ ಯಾವ ಉತ್ತರವನ್ನೂ ಒಪ್ಪಲಿಲ್ಲ. ಅವರಿಗೆ ಮಗನ ಮೇಲೆಯೇ ಸಿಟ್ಟು ಬರತೊಡಗಿತು. ಒಮ್ಮೆ ಬದುಕಿ ಬಂದವನಿಗೆ ತಾಯಿಯ ನೆನಪಾಗಲಿಲ್ಲವಾ, ಅಷ್ಟು ಹುಚ್ಚಾ ಎಂದು ಗೋಡೆಗೆ ತಲೆಯಿಟ್ಟು ಅವನನ್ನು ಬೈಯುತ್ತಿದ್ದರು. ಸತ್ತ ತಮ್ಮ ನನ್ನ ಪಾಲಿನ ಬೈಗುಳ ತಿನ್ನುತ್ತಿದ್ದ. ನಾನು ಚಹಾ ಕೊಡುತ್ತಾ ತಿರುಗುತ್ತಿದ್ದೆ.

ಹತ್ತನೆಯ ದಿನ ಚನಿಯಪ್ಪಣ್ಣ ಬಂದರು. ಅಂಗಳದಲ್ಲೇ ನಿಂತು ನನ್ನನ್ನು ಕರೆದರು.

"ಮಾಜಿದಕ್ಕ, ನಿಮ್ಮ ಹತ್ತಿರ ಹೇಳದಿದ್ದರೆ ನನಗೆ ಉಣ್ಣಲಿಕ್ಕೆ ಆಗುವುದಿಲ್ಲ. ಆ ಚೀಟಿ ಅವನು ಬೆಳಿಗ್ಗೆ ಎಂಟು ಗಂಟೆಗೆ ಕೊಟ್ಟದ್ದು. ನಿಮ್ಮದು ಓದಿದ, ಮಡಚಿ ಕಿಸೆಗೆ ಹಾಕಿದ. ಮತ್ತೆ ನನ್ನ ಪೆನ್ನು ತೆಗೆದುಕೊಂಡು ಬರೆದ. ನಾನು ಕೇಳಿದೆ, ಹತ್ತುವ ಮೊದಲೇ ಇಳಿದೆ ಅಂತ ಬರೆಯುವುದಾ ಮಾರಾಯ ಅಂತ. 'ತಡ ಆದರೆ ಅಕ್ಕನಿಗೆ ಕೋಪ ಬರ್ತದೆ' ಅಂದ. ನನಗೂ ಅದು ಸರಿ ಕಂಡಿತು. ಎಲ್ಲರೂ ಬೆಳಿಗ್ಗೆಯೇ ಅಲ್ಲವಾ ಕೊಡುವುದು."

ಅವನು ನನ್ನನ್ನು ಅಕ್ಕ ಎಂದನಂತೆ. ನಾನು ಚನಿಯಪ್ಪಣ್ಣನಿಗೆ ನಿಮ್ಮದೇನೂ ತಪ್ಪಿಲ್ಲ ಎಂದೆ. ಅದು ಸತ್ಯ. ಅವರು ಅತ್ತು ಹೋದರು.

ನಲವತ್ತನೆಯ ದಿನದ ಫಾತಿಹಾ ಮುಗಿದು ನೆಂಟರೆಲ್ಲ ಹೋದ ಮರುದಿನ ಮಧ್ಯಾಹ್ನ, ಉಮ್ಮ ಅಡುಗೆಮನೆಯ ನೆಲದಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತಿದ್ದೆ.

"ನೀನಾದರೂ ಹೇಳು ಮಾಜಿದಾ," ಎಂದರು. "ನಿನ್ನ ಹತ್ತಿರ ಅವನು ಎಲ್ಲ ಹೇಳುತ್ತಿದ್ದ. ಇಳಿದು ಬಂದವನು ಮತ್ತೆ ಎಂತಕ್ಕೆ ಹತ್ತಿದ?"

ಅವರ ಸಿಟ್ಟು ಅವನ ಮೇಲೆ ಉಳಿಯುವುದನ್ನು ಇನ್ನು ಒಂದು ದಿನವೂ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹೇಳಿದೆ. ಅವನು ಇಳಿಯಲೇ ಇಲ್ಲ ಉಮ್ಮ ಎಂದೆ. ಚೀಟಿ ಬೆಳಿಗ್ಗೆಯೇ ಬರೆದದ್ದು, ಬರೆಸಿದ್ದು ನಾನು. ನಾನು ಬರೆದದ್ದನ್ನು ಅಕ್ಷರ ಬಿಡದೆ ಹೇಳಿದೆ. ಗಂಟಿನ ಅಡಿಯಲ್ಲಿ ಚೀಟಿ ಸಿಕ್ಕಿದ್ದು, ಜುಲೈಕಾ ಕೇಳಿದ್ದು, ನಾನು ಅವಳ ಬಾಯಿ ಮುಚ್ಚಿಸಿದ್ದು ಹೇಳಿದೆ. ಕೂಡಲೇ ಹೋದ ಎಂದದ್ದು ಸುಳ್ಳು ಎಂದೂ ಹೇಳಿದೆ.

ಉಮ್ಮನ ಕೈ ಮೊರದ ಮೇಲೆ ನಿಂತಿತು. ಅವರು ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ. ಹೊಡೆಯಲಿಲ್ಲ.

"ಎಷ್ಟು ಹೊತ್ತು ಇದ್ದನಂತೆ?"

"ಗುರುವಾರ ಬೆಳಕು ಹರಿಯುವವರೆಗೆ."

ಬೆರಳಿಗೆ ಸಿಕ್ಕಿದ ಒಂದು ಕಲ್ಲನ್ನು ಬದಿಗಿಟ್ಟರು. ಮತ್ತೆ ಕೇಳಿದರು. "ಬುಧವಾರ ರಾತ್ರಿ ನಾವು ಎಂತ ಊಟ ಮಾಡಿದ್ದು?"

ನನಗೆ ಚೆನ್ನಾಗಿ ನೆನಪಿತ್ತು. "ಅಂಜಲ್ ಮೀನು," ಎಂದೆ. "ನಾನೇ ತಂದದ್ದು. ಚೀಟಿ ಬಂತೆಂದು ಖುಷಿಯಾಗಿ, ಮಾರ್ಕೆಟಿಗೆ ಹೋಗಿ ತಂದೆ. ಹುರಿದದ್ದು ಚೆನ್ನಾಗಿ ಆಗಿತ್ತು."

"ಹೌದು," ಎಂದರು ಉಮ್ಮ. "ಇನ್ನೊಂದು ತುಂಡು ಹಾಕು ಎಂದು ನಾನು ಕೇಳಿದ್ದೆ."